ಹೊಸ ಕೋಳಿ ಮನೆಗೆ ಬಂದಾಗ: 21 ದಿನದ ಲೆಕ್ಕ

(ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಭಾಗದ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ಹಿತ್ತಲ ಕೋಳಿ ಸಾಕಣೆ ಕುರಿತು ನೀಡಿದ ಮಾಹಿತಿ ಭಾಷಣದ ಬರಹರೂಪ)



ಸಂಘದಲ್ಲಿ ಸಾಲದ ಅರ್ಜಿ ಬಂದಾಗ ಎಮ್ಮೆ, ಆಡು, ಹೊಲಿಗೆ ಮಷಿನ್ ಬಗ್ಗೆ ನಾವು ಅರ್ಧ ತಾಸು ಚರ್ಚೆ ಮಾಡುತ್ತೇವೆ. ಕೋಳಿ ವಿಷಯ ಬಂದರೆ ಮಾತ್ರ "ಕೋಳಿದೇನೈತ್ರಿ, ಸಂತ್ಯಾಗ ನಾಕು ಹ್ಯಾಟಿ ತಂದು ಬಿಟ್ರ ಆತು" ಎಂದು ಎರಡೇ ಮಾತಿನಲ್ಲಿ ಮುಗಿಸುತ್ತೇವೆ. ಆದರೆ ಸ್ವಲ್ಪ ವಿಚಾರ ಮಾಡಿರಿ. ಹೊಲದ ಉತಾರ ಬಹಳ ಮನೆಗಳಲ್ಲಿ ಗಂಡಸರ ಹೆಸರಿಗೆ ಇರುತ್ತದೆ. ಎತ್ತು, ಎಮ್ಮೆ ಮನೆಯ ಲೆಕ್ಕಕ್ಕೆ ಸೇರುತ್ತವೆ. ಕೋಳಿ ಮತ್ತು ತತ್ತಿ ಮಾರಿದ ರೊಕ್ಕ ಮಾತ್ರ ಹೆಣ್ಣುಮಗಳ ಸೆರಗಿನ ಗಂಟಿನಲ್ಲಿ ಉಳಿಯುತ್ತದೆ. ವಾರದ ಉಳಿತಾಯ, ಮಕ್ಕಳ ನೋಟುಬುಕ್ಕು, ಅವಸರಕ್ಕೆ ಒಂದು ಗುಳಿಗೆ ಚೀಟಿ, ಇವೆಲ್ಲ ಆ ಗಂಟಿನಿಂದಲೇ ಆಗುತ್ತವೆ. ಆದ್ದರಿಂದ ಕೋಳಿ ಸಣ್ಣದಾದರೂ ಅದರ ವಿಷಯ ಸಣ್ಣದಲ್ಲ.

ಕೋಳಿಗೆ ಏನು ತಿನ್ನಿಸಬೇಕು, ಗೂಡು ಹೇಗಿರಬೇಕು ಎಂಬುದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಇವತ್ತು ನಾವು ಒಂದೇ ವಿಷಯ ಮಾತಾಡೋಣ: ಮನೆಯಲ್ಲಿ ಇರುವ ಕೋಳಿಗಳ ಜೊತೆ ಹೊಸ ಕೋಳಿಯನ್ನು ಹೇಗೆ ಸೇರಿಸಬೇಕು?

ಅಗ್ಗದ ಕೋಳಿ ಯಾಕೆ ಅಗ್ಗ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ಅಕ್ಕ ಸಂಘದಲ್ಲಿ ಸಾಲ ತೆಗೆದು ಸಂತೆಗೆ ಹೋಗುತ್ತಾಳೆ. ಕೆರೂರ ಸಂತೆ ಇರಲಿ, ಅಮೀನಗಡ ಸಂತೆ ಇರಲಿ, ಇಳಕಲ್ಲ ಸಂತೆ ಇರಲಿ. ಅಲ್ಲಿ ಒಬ್ಬರು ಬೇರೆಯವರಿಗಿಂತ 100 ರೂಪಾಯಿ ಕಡಿಮೆಗೆ ಕೋಳಿ ಕೊಡುತ್ತಾರೆ. ಅಕ್ಕ ಖುಷಿಯಿಂದ ಎರಡು ಹ್ಯಾಟಿ ತಂದು, ಕಾಲಿನ ದಾರ ಬಿಚ್ಚಿ, ಮನೆಯ ಕೋಳಿಗಳ ನಡುವೆ ಬಿಡುತ್ತಾಳೆ. ಐದಾರು ದಿನದಲ್ಲಿ ಒಂದು ಕೋಳಿ ಕಾಳು ಬಿಟ್ಟು ಮುದುಡಿ ಕೂಡುತ್ತದೆ. ಹಸಿರು ಹಿಕ್ಕೆ ಹಾಕುತ್ತದೆ, ಬಾಯಿ ತೆರೆದು ಉಸಿರು ಎಳೆಯುತ್ತದೆ, ಕುತ್ತಿಗೆ ತಿರುಚುತ್ತದೆ. ಮತ್ತೆ ಒಂದು ವಾರದೊಳಗೆ ಗೂಡು ಖಾಲಿ. ಅಷ್ಟಕ್ಕೆ ನಿಲ್ಲುವುದಿಲ್ಲ. ಬಾಜು ಮನೆಯ ಗೂಡು, ಅದರ ಆಚೆ ಮನೆಯ ಗೂಡು ಎಲ್ಲವೂ ಖಾಲಿ ಆಗುತ್ತವೆ.

ಲೆಕ್ಕ ಹಾಕಿರಿ. ಒಂದು ಕೋಳಿಗೆ 400 ರೂಪಾಯಿ ಹಿಡಿದರೂ, ಒಂದು ಮನೆಯಲ್ಲಿ 8 ಕೋಳಿ ಇದ್ದರೆ 3,200 ರೂಪಾಯಿ. ಓಣಿಯ 10 ಮನೆಗೆ 32,000 ರೂಪಾಯಿ. ಸಂತೆಯಲ್ಲಿ ಉಳಿಸಿದ್ದು 200 ರೂಪಾಯಿ! ಕೋಳಿ ಸತ್ತರೂ ಸಂಘದ ಕಂತು ಸಾಯುವುದಿಲ್ಲ. ಮೇಲೆ ಓಣಿಯಲ್ಲಿ ಜಗಳ: "ನೀ ತಂದ ಕೋಳಿಯಿಂದನ ನಮ್ಮ ಕೋಳಿ ಸತ್ತಾವ." ವರ್ಷಗಟ್ಟಲೆ ಒಂದೇ ಚಾಪೆಯ ಮೇಲೆ ಕೂತವರು ಮುಖ ತಿರುಗಿಸುವಂತೆ ಆಗುತ್ತದೆ.

ಆ ಕೋಳಿ ಅಷ್ಟು ಅಗ್ಗ ಯಾಕೆ ಇತ್ತು? ಬೇನೆ ಬಿದ್ದ ಊರಿನಲ್ಲಿ ಜನ ಏನು ಮಾಡುತ್ತಾರೆಂದು ನಮಗೆ ಗೊತ್ತು. ಎರಡು ಕೋಳಿ ಸತ್ತ ಕೂಡಲೇ "ಉಳಿದವನ್ನಾದರೂ ರೊಕ್ಕ ಮಾಡೋಣ" ಎಂದು ಸಂತೆಗೆ ಒಯ್ಯುತ್ತಾರೆ. ನೋಡಲಿಕ್ಕೆ ಚೆನ್ನಾಗಿ ಕಾಣುವ ಆ ಕೋಳಿಯ ಹೊಟ್ಟೆಯಲ್ಲಿ ಬೇನೆ ಆಗಲೇ ಕೂತಿರುತ್ತದೆ. ಅದನ್ನೇ ನಾವು ಅಗ್ಗವೆಂದು ಕೊಳ್ಳುತ್ತೇವೆ. ಅದೇ ರೀತಿ ನಮ್ಮ ಊರಿಗೆ ಬೇನೆ ಬಂದಾಗ ನಾವೂ ಸಂತೆಗೆ ಒಯ್ದರೆ, ಅಲ್ಲಿ ಇನ್ನೊಬ್ಬ ಬಡ ಅಕ್ಕನ ಗೂಡು ಖಾಲಿ ಮಾಡಿದಂತೆ.

ಈ ಬೇನೆಗೆ ನಮ್ಮ ಕಡೆ ಕೊಕ್ಕರೆ ರೋಗ ಎನ್ನುತ್ತಾರೆ. ಡಾಕ್ಟರರು ರಾಣಿಖೇತ್ ರೋಗ ಎನ್ನುತ್ತಾರೆ. ರಾಣಿಖೇತ್ ಈಗಿನ ಉತ್ತರಾಖಂಡ ರಾಜ್ಯದ ಗುಡ್ಡಗಾಡಿನ ಊರು. ನಮ್ಮ ದೇಶದಲ್ಲಿ ಈ ರೋಗವನ್ನು 1920ರ ದಶಕದ ಕೊನೆಗೆ ಅಲ್ಲಿ ಗುರುತಿಸಿದ್ದರಿಂದ ಆ ಹೆಸರು ಬಂತು. ರೋಗ ಬಂದ ಮೇಲೆ ಇದಕ್ಕೆ ಔಷಧ ಇಲ್ಲ. ಬೆಳ್ಳುಳ್ಳಿ, ಅರಿಷಿಣ ತಿನ್ನಿಸಿದರೂ ನಿಲ್ಲುವುದಿಲ್ಲ. ಬರುವ ಮುಂಚೆ ತಡೆಯುವುದೊಂದೇ ದಾರಿ.

ಕಾವಿಗೆ 21 ದಿನ, ಹೊಸ ಕೋಳಿಗೂ 21 ದಿನ

ಕೋಳಿ ತತ್ತಿಯ ಮೇಲೆ ಎಷ್ಟು ದಿನ ಕಾವು ಕೂಡುತ್ತದೆ? 21 ದಿನ. ಇದನ್ನು ಯಾರೂ ನಿಮಗೆ ಕಲಿಸಬೇಕಿಲ್ಲ. ಇನ್ನು ಮುಂದೆ ಇನ್ನೊಂದು 21 ನೆನಪಿಡಿರಿ. ಹೊರಗಿನಿಂದ ಬಂದ ಯಾವುದೇ ಕೋಳಿ 21 ದಿನ ಬೇರೆ ಇರಬೇಕು. ಕೊಕ್ಕರೆ ರೋಗ ಹೊಕ್ಕ ಕೋಳಿ ಸಾಮಾನ್ಯವಾಗಿ ಐದಾರು ದಿನಕ್ಕೆ, ತಡವಾದರೆ 15 ದಿನಕ್ಕೆ ಬೇನೆ ತೋರಿಸುತ್ತದೆ. 21 ದಿನ ಕಾದರೆ ಒಳಗಿದ್ದದ್ದು ಹೊರಗೆ ಬಂದೇ ಬರುತ್ತದೆ.

ಇದು ನಮಗೆ ಹೊಸದೇನೂ ಅಲ್ಲ. 2020ರಲ್ಲಿ ಕೊರೊನಾ ಬಂದಾಗ ಗೋವಾ, ಮಂಗಳೂರು, ಮುಂಬಯಿ ಕಡೆ ದುಡಿಯಲು ಹೋದ ನಮ್ಮವರೇ ಊರಿಗೆ ಬಂದರೂ ಅವರನ್ನು ಸಾಲಿಯಲ್ಲಿ, ಹಾಸ್ಟೆಲಿನಲ್ಲಿ ಬೇರೆ ಇಟ್ಟಿದ್ದೆವು. ಅವರ ಮೇಲೆ ಸಿಟ್ಟಿನಿಂದ ಅಲ್ಲ, ಮನೆಯ ಹಿರಿಯರು ಉಳಿಯಲಿ ಎಂದು. ಕೋಳಿಗೂ ಅದೇ ಕ್ವಾರಂಟೈನು.

ಬೇರೆ ಇಡುವುದು ಎಂದರೆ ಅದೇ ಗೂಡಿನಲ್ಲಿ ನಡುವೆ ಒಂದು ಹಲಗೆ ಹಚ್ಚುವುದು ಅಲ್ಲ. ಹಳೆಯ ಕೋಳಿ ಹೋಗದ ಜಾಗ ಇರಬೇಕು, ಗಾಳಿ ಈ ಕಡೆಯಿಂದ ಆ ಕಡೆಗೆ ಹಾಯಬಾರದು, ಕನಿಷ್ಠ 30 ಅಡಿ ದೂರ ಇದ್ದರೆ ಚಲೋ. ನೀರಿನ ಪರಾತ, ಕಾಳಿನ ಬುಟ್ಟಿ ಎರಡೂ ಬೇರೆ. ಮುಂಜಾನೆ ಮೊದಲು ಹಳೆಯ ಕೋಳಿಗೆ ಕಾಳು-ನೀರು ಹಾಕಿ, ಆಮೇಲೆ ಹೊಸ ಕೋಳಿಯ ಕಡೆಗೆ ಹೋಗಿರಿ. ಬಂದ ಮೇಲೆ ಸಬಕಾರದಿಂದ ಕೈ ತೊಳೆಯಿರಿ. ಹೊಸ ಕೋಳಿಯ ಹಿಕ್ಕೆ ತುಳಿದ ಚಪ್ಪಲಿಯಲ್ಲಿ ಹಳೆಯ ಗೂಡಿಗೆ ಹೋಗಬೇಡಿರಿ. ರೋಗ ಕೋಳಿಯ ಕಾಲಿನಿಂದ ಬಾರದಿದ್ದರೆ ನಮ್ಮ ಕಾಲಿನಿಂದ ಬರುತ್ತದೆ.

"ಜಾಗಾನ ಇಲ್ಲರಿ" ಎನ್ನುವವರಿಗೆ

ಈ ಮಾತು ಹೇಳಿದ ಕೂಡಲೇ ಬರುವ ಪ್ರಶ್ನೆ ನಮಗೆ ಗೊತ್ತು. ಇಳಕಲ್ಲದಲ್ಲಿ ಮಗ್ಗದ ಮನೆ. ಮನೆಗೆ ಮನೆ ಹತ್ತಿಕೊಂಡಿದೆ, ನಡುವೆ ಒಂದು ಕೈಗಾಡಿ ಹೋಗುವಷ್ಟು ಓಣಿ. ಬಾಗಲಕೋಟೆ ಕಡೆ ಪುನರ್ವಸತಿ ಕೇಂದ್ರಗಳಲ್ಲಿ ಅಳತೆಯ ಪ್ಲಾಟು. 30 ಅಡಿ ದೂರ ಎಲ್ಲಿಂದ ತರಬೇಕು?

ಇಲ್ಲಿಯೇ ಸಂಘ ಬೇಕಾಗುವುದು. 15-20 ಮಂದಿ ಸಂಘದಲ್ಲಿ ಕೋಳಿ ಸಾಕದೇ ಇರುವವರು ಇಬ್ಬರಾದರೂ ಇರುತ್ತಾರೆ. ಅವರ ಹಿತ್ತಲಿನ ಒಂದು ಮೂಲೆಯನ್ನು, ಇಲ್ಲವೆ ಯಾರದಾದರೂ ಹೊಲದ ಗುಡಿಸಲನ್ನು ಸಂಘದ 'ಹೊಸ ಕೋಳಿ ಜಾಗ' ಎಂದು ಮಾಡಿಕೊಳ್ಳಿರಿ. ಒಂದು ಹಳೆ ಹೆಡಗಿ, ನಾಕು ಅಡಿ ಜಾಳಿಗೆ, ಮೇಲೆ ಒಂದು ತಗಡು ಸಾಕು. ಜಾಗ ಕೊಟ್ಟವರಿಗೆ ಪ್ರತಿ ಕೋಳಿಗೆ ಇಷ್ಟು ಎಂದು ಸಂಘವೇ ಕೂಲಿ ಗೊತ್ತು ಮಾಡಲಿ. ಕೋಳಿ ಇಲ್ಲದವರಿಗೂ ನಾಕು ಕಾಸು ಸಿಗುತ್ತದೆ. ಆದರೆ ಒಂದು ನೇಮ ಪಾಲಿಸಬೇಕು. ಬೇರೆ ಬೇರೆ ದಿನ ಬಂದ ಕೋಳಿಗಳನ್ನು ಒಟ್ಟಿಗೆ ಇಟ್ಟರೆ ಮೊದಲಿನವುಗಳ ಲೆಕ್ಕವೂ ಮತ್ತೆ ಒಂದರಿಂದ ಶುರು. ಆದ್ದರಿಂದ ಕೊಳ್ಳುವವರು ಒಂದೇ ವಾರ ಎಲ್ಲರೂ ಕೂಡಿ ಕೊಳ್ಳುವುದು ಒಳ್ಳೆಯದು.

ದಿನಾ ಏನು ನೋಡಬೇಕು?

ಕೊಳ್ಳುವಾಗಲೇ ನೋಡಿರಿ. ಜುಟ್ಟು ಕೆಂಪಗೆ ಇರಬೇಕು, ಕಣ್ಣು ಚುರುಕಾಗಿರಬೇಕು, ಮೂಗಿನಲ್ಲಿ ಸಿಂಬಳ ಇರಬಾರದು, ಬುಡದ ಪುಕ್ಕಕ್ಕೆ ಹಿಕ್ಕೆ ಮೆತ್ತಿರಬಾರದು. ಎದೆ ಎಲುಬು ಕೈಗೆ ಚೂಪಾಗಿ ಹತ್ತಿದರೆ ಆ ಕೋಳಿ ಬೇಡ. ಸಾಧ್ಯವಾದರೆ ಸಂತೆಯ ಬದಲು ಗೊತ್ತಿದ್ದ ಮನೆಯಿಂದ ಕೊಳ್ಳಿರಿ. ಆ ಮನೆಯ ಉಳಿದ ಕೋಳಿ ಹೇಗಿವೆ ಎಂದು ಕಣ್ಣಾರೆ ಕಾಣುತ್ತದೆ.

ಮನೆಗೆ ತಂದ ಮೊದಲ ದಿನ ನೆರಳಿನಲ್ಲಿಟ್ಟು ತಣ್ಣನೆಯ ನೀರು ಕೊಡಿರಿ. ನೀರಿಗೆ ಚೂರು ಬೆಲ್ಲ, ಚಿಟಿಕೆ ಉಪ್ಪು ಹಾಕಿದರೆ ದಣಿವು ಆರುತ್ತದೆ. ಆ ದಿನ ಸಂಜೆ ರೆಕ್ಕೆ ಎತ್ತಿ ನೋಡಿರಿ, ಬುಡದ ಪುಕ್ಕ ಸರಿಸಿ ನೋಡಿರಿ. ಹೇನು ಇದ್ದರೆ ಒಲೆಯ ಬೂದಿ ಮತ್ತು ಸಣ್ಣ ಉಸುಕು ಕೂಡಿಸಿ ಒಂದು ಬುಟ್ಟಿಯಲ್ಲಿ ಇಡಿರಿ, ಕೋಳಿ ತಾನೇ ಹೊರಳಾಡಿ ಕೊಡವಿಕೊಳ್ಳುತ್ತದೆ. ಹೊಲಕ್ಕೆ ಹೊಡೆಯುವ ಎಣ್ಣಿಯನ್ನು ಮಾತ್ರ ಕೋಳಿಗೆ ಹಚ್ಚಬೇಡಿರಿ. ಹೇನಿನ ಜೊತೆ ಕೋಳಿಯೂ ಹೋಗುತ್ತದೆ, ಆ ವಿಷ ತತ್ತಿಯಿಂದ ಮಕ್ಕಳ ಹೊಟ್ಟೆಗೂ ಸೇರುತ್ತದೆ.

ಆಮೇಲೆ ದಿನಾ ಮೂರು ಸಂಗತಿ ನೋಡಿದರೆ ಸಾಕು. ಕಾಳು ತಿಂದಿತೇ? ಹಿಕ್ಕೆ ಹೇಗಿದೆ? ಉಸಿರಾಟ ಹೇಗಿದೆ? ಹಸಿರು ಭೇದಿ, ಕುತ್ತಿಗೆ ತಿರುಚುವುದು, ಗೊರ ಗೊರ ಉಸಿರು ಕಂಡರೆ ಕೊಕ್ಕರೆ ರೋಗದ ಗುಮಾನಿ. ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ರಕ್ತಭೇದಿ, ಅದಕ್ಕೆ ಪಶು ಆಸ್ಪತ್ರೆಯಲ್ಲಿ ಔಷಧ ಇದೆ. ಜುಟ್ಟಿನ ಮೇಲೆ, ಕಣ್ಣಿನ ಸುತ್ತ ಗುಳ್ಳೆ ಎದ್ದರೆ ಕೋಳಿ ಸಿಡುಬು.

ಸತ್ತ ಕೋಳಿಯನ್ನು ಹಳ್ಳಕ್ಕೆ, ತಿಪ್ಪೆಗೆ ಎಸೆಯಬೇಡಿರಿ. ನಾಯಿ ಎಳೆದಾಡಿ ಊರೆಲ್ಲ ಹಂಚುತ್ತದೆ. ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹುಗಿಯಿರಿ. ಒಮ್ಮೆಲೇ ಬಹಳ ಕೋಳಿ ಸತ್ತರೆ ಕೈಯಿಂದ ಮುಟ್ಟಬೇಡಿರಿ, ಸಾರು ಮಾಡಬೇಡಿರಿ. ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿರಿ, ಇಲ್ಲವೆ 1962ಕ್ಕೆ ಫೋನ್ ಮಾಡಿರಿ. ಹಕ್ಕಿಜ್ವರ ದೂರದ ಮಾತಲ್ಲ. ನಮ್ಮ ದೇಶದಲ್ಲಿ 2006ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಮೊದಲು ಕಂಡಿತು. 2012ರಲ್ಲಿ ಬೆಂಗಳೂರು ಹತ್ತಿರದ ಹೆಸರಘಟ್ಟದಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಬಂದಿತ್ತು. ಅದು ಮನುಷ್ಯರಿಗೂ ತಗಲಬಲ್ಲದು.

ಲಸಿಕೆ: ಒಬ್ಬರಿಂದ ಆಗದ್ದು, ಸಂಘದಿಂದ ಆಗುವುದು

ಕೊಕ್ಕರೆ ರೋಗಕ್ಕೆ ಲಸಿಕೆ ಇದೆ. ಅದರಲ್ಲೊಂದು ಲಸಿಕೆ ತಯಾರಾದದ್ದು ರಾಣಿಖೇತಿನ ಸೀಮೆಯಲ್ಲೇ ಇರುವ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ. ರೋಗದ ಹೆಸರೂ ಆ ಗುಡ್ಡದ್ದೇ, ಲಸಿಕೆಯೂ ಆ ಗುಡ್ಡದ್ದೇ. ಸಾಮಾನ್ಯವಾಗಿ ಮರಿಗೆ ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ, ನಾಲ್ಕೈದು ವಾರಕ್ಕೆ ಇನ್ನೊಮ್ಮೆ, ಎಂಟು ವಾರ ದಾಟಿದ ಮೇಲೆ ರೆಕ್ಕೆಯ ಕೆಳಗೆ ಆರ್‌2ಬಿ ಎಂಬ ಸೂಜಿ.

ಹಾಗಾದರೆ ಹಳ್ಳಿಯ ಕೋಳಿಗೆ ಯಾಕೆ ಹಾಕಿಸುವುದಿಲ್ಲ? ಲಸಿಕೆ ಬಾಟಲಿ ಸಾಮಾನ್ಯವಾಗಿ 100 ಕೋಳಿಯ ಲೆಕ್ಕದಲ್ಲಿ ಬರುತ್ತದೆ. ಐಸಿನಲ್ಲಿಟ್ಟು ತರಬೇಕು, ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಎಂಟು ಕೋಳಿ ಇರುವ ಒಬ್ಬ ಅಕ್ಕನಿಗಾಗಿ ಬಾಟಲಿ ಒಡೆದರೆ 92 ಕೋಳಿಯ ಮದ್ದು ಚೆಲ್ಲಬೇಕು. ಆದರೆ 15 ಮಂದಿಯ ಸಂಘದಲ್ಲಿ ಎಷ್ಟು ಕೋಳಿ? 100 ಸರಳ ಆಗುತ್ತವೆ. ಒಂದು ಬಾಟಲಿ ಪೂರಾ ಸಾರ್ಥಕ. ಒಬ್ಬರಿಗೆ ಆಗದ ಕೆಲಸ ಸಂಘಕ್ಕೆ ಒಂದು ಮುಂಜಾನೆಯ ಕೆಲಸ.

ಪಶು ಆಸ್ಪತ್ರೆಯವರಿಗೆ, ನಿಮ್ಮೂರಿನಲ್ಲಿ ಪಶು ಸಖಿ ಇದ್ದರೆ ಅವರಿಗೆ ಮೊದಲೇ ಹೇಳಿ ದಿನ ಗೊತ್ತು ಮಾಡಿರಿ. ಕೋಳಿ ಗೂಡಿನಿಂದ ಹೊರಬೀಳುವ ಮುಂಚೆ, ನಸುಕಿನಲ್ಲಿ ಹಾಕಿಸಿರಿ. ಬೇನೆ ಇದ್ದ ಕೋಳಿಗೆ ಹಾಕಿಸಬಾರದು. ಹೊಸ ಕೋಳಿಗೆ ಬಂದ ಒಂದು ವಾರ ನೋಡಿ, ಆರೋಗ್ಯವಾಗಿದ್ದರೆ ಹಾಕಿಸಿರಿ. ಲಸಿಕೆಯ ಬಲ ಮೈಗೂಡಲು ಸುಮಾರು ಎರಡು ವಾರ ಬೇಕು. ನೋಡಿರಿ, ಒಂದು ವಾರ ಮತ್ತು ಎರಡು ವಾರ ಕೂಡಿದರೆ ಮತ್ತೆ 21 ದಿನವೇ ಬಂತು. ಹಳೆಯ ಕೋಳಿಗೂ ಆಗಲೇ ಹಾಕಿಸಿರಿ. ಬೇನೆ ಯಾವಾಗಲೂ ಹೊಸ ಕೋಳಿಯಿಂದಲೇ ಬರುತ್ತದೆ ಎಂದಿಲ್ಲ. ನಮ್ಮ ಗೂಡಿನಲ್ಲಿದ್ದದ್ದು ಹೊಸದಕ್ಕೂ ತಗಲಬಹುದು.

ಸೇರಿಸುವ ವಾರ

21 ದಿನ ಮುಗಿಯಿತು, ಕೋಳಿ ಚೆನ್ನಾಗಿದೆ. ಈಗ ಬಿಡಬಹುದೇ? ಇನ್ನೂ ಒಂದು ವಾರ ತಾಳಿರಿ.

ಕೋಳಿಗಳಲ್ಲೂ ಹಿರಿ-ಕಿರಿ ಎಂಬ ಸಾಲು ಇರುತ್ತದೆ. ಯಾವುದು ಮೊದಲು ಕಾಳಿಗೆ ಬಾಯಿ ಹಾಕಬೇಕು, ಯಾವುದು ಸರಿದು ನಿಲ್ಲಬೇಕು ಎಂದು ಅವು ತಮ್ಮೊಳಗೇ ಗೊತ್ತು ಮಾಡಿಕೊಂಡಿರುತ್ತವೆ. ನಾರ್ವೆ ದೇಶದ ಷೆಲ್ಡೆರುಪ್-ಎಬ್ಬೆ ಎಂಬುವವರು ಚಿಕ್ಕಂದಿನಿಂದಲೇ ಕೋಳಿಗಳನ್ನು ನೋಡುತ್ತ ಬೆಳೆದು, 1921ರಲ್ಲಿ ಈ 'ಕುಕ್ಕುವ ಸಾಲಿನ' ಬಗ್ಗೆ ಬರೆದರು. ಹೊಸ ಕೋಳಿ ಬಂದರೆ ಆ ಸಾಲು ಕಲಕುತ್ತದೆ, ಎಲ್ಲವೂ ಮತ್ತೆ ಕುಕ್ಕಾಡಿ ಗೊತ್ತು ಮಾಡಿಕೊಳ್ಳಬೇಕು. ಮನೆಗೆ ಹೊಸ ಸೊಸಿ ಬಂದಾಗ ಒಲೆಯ ಮುಂದೆ ಏನಾಗುತ್ತದೆಂದು ನಿಮಗೆ ಬೇರೆ ಹೇಳಬೇಕೇ?

ಆದ್ದರಿಂದ ಮೊದಲು ಐದಾರು ದಿನ ಹೊಸ ಕೋಳಿಗಳನ್ನು ಹಗಲು ಹೊತ್ತು ಅಂಗಳದಲ್ಲಿ ಹೆಡಗಿಯ ಕೆಳಗೆ, ಇಲ್ಲವೆ ಜಾಳಿಗೆಯ ಒಳಗೆ ಇಡಿರಿ. ಹಳೆಯವು ಸುತ್ತ ಓಡಾಡಲಿ. ಕಣ್ಣಿಗೆ ಕಾಣಬೇಕು, ಕೊಕ್ಕಿಗೆ ಸಿಗಬಾರದು. ಒಂದೇ ಕೋಳಿ ತಂದು ಬಿಡುವುದಕ್ಕಿಂತ ಎರಡು ಮೂರು ಕೂಡಿ ಬಿಡುವುದು ಒಳ್ಳೆಯದು. ಒಂದೇ ಇದ್ದರೆ ಏಟೆಲ್ಲ ಅದಕ್ಕೇ ಬೀಳುತ್ತದೆ. ಗಾತ್ರದಲ್ಲೂ ಸರಿಸಮ ಇರಬೇಕು. ಸಣ್ಣ ಮರಿಗಳನ್ನು ದೊಡ್ಡ ಕೋಳಿಗಳ ನಡುವೆ ಬಿಟ್ಟರೆ ಕುಕ್ಕಿ ಕೊಲ್ಲುತ್ತವೆ.

ಆಮೇಲೆ ಒಂದು ರಾತ್ರಿ, ಹಳೆಯವು ಗೂಡಿನಲ್ಲಿ ಕೂತ ಮೇಲೆ, ಹೊಸದನ್ನು ಮೆಲ್ಲಗೆ ಅವುಗಳ ಬದಿಗೆ ಕೂಡ್ರಿಸಿರಿ. ಕತ್ತಲೆಯಲ್ಲಿ ಕೋಳಿಗೆ ಕಣ್ಣು ಕಾಣುವುದಿಲ್ಲ, ಜಗಳ ಆಡುವುದಿಲ್ಲ. ಮುಂಜಾನೆ ಬೇಗ ಎದ್ದು ಗೂಡು ತೆರೆಯಿರಿ. ಇಕ್ಕಟ್ಟಿನ ಗೂಡಿನಲ್ಲಿ ಬೆಳಕಾದ ಮೇಲೂ ಕೂಡಿಹಾಕಿದರೆ ಓಡಲು ಜಾಗ ಇಲ್ಲದೆ ಹೊಸದು ಏಟು ತಿನ್ನುತ್ತದೆ. ಒಂದು ಕೋಳಿಗೆ ಗೂಡಿನಲ್ಲಿ ಕನಿಷ್ಠ ಒಂದು ಚದರ ಅಡಿ ಜಾಗ ಬೇಕು. ನುಚ್ಚು, ಕಾಳು, ನೀರನ್ನು ಎರಡು ಮೂರು ಕಡೆ ಇಡಿರಿ. ಒಂದು ಕಡೆ ಬೆದರಿಸಿ ಓಡಿಸಿದರೆ ಇನ್ನೊಂದು ಕಡೆ ತಿನ್ನುತ್ತದೆ.

ಮೂರು ನಾಲ್ಕು ದಿನ ಸಣ್ಣಪುಟ್ಟ ಜಗಳ ಇದ್ದದ್ದೇ. ಅದಕ್ಕೆ ಕೈ ಹಾಕಬೇಡಿರಿ. ಆದರೆ ರಕ್ತ ಕಂಡರೆ ಕೂಡಲೇ ಬೇರೆ ಮಾಡಿರಿ. ಕೆಂಪು ಕಂಡಲ್ಲಿ ಎಲ್ಲವೂ ಕುಕ್ಕುತ್ತವೆ. ಗಾಯ ತೊಳೆದು ಅರಿಷಿಣ ಹಚ್ಚಿ, ಮಾಯ್ದ ಮೇಲೆ ಮತ್ತೆ ಬಿಡಿರಿ. ಎಂಟ್ಹತ್ತು ಹ್ಯಾಟಿಗೆ ಒಂದು ಹುಂಜ ಸಾಕು, ಹೆಚ್ಚಿನ ಹುಂಜ ಮಾರಿರಿ.

ಇನ್ನೊಂದು ಮಾತು. ನಮ್ಮ ಸೀಮೆಯಲ್ಲಿ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಹೊತ್ತಿನಲ್ಲಿ ಕೋಳಿ ತರುವುದು, ಸೇರಿಸುವುದು ಬೇಡ. ದಸರಾ ದಾಟಿದ ಮೇಲೆ ಶಿವರಾತ್ರಿಯೊಳಗೆ ಈ ಕೆಲಸ ಮುಗಿಸುವುದು ಚಲೋ.

ಗಿರಿರಾಜ, ಸ್ವರ್ಣಧಾರ ತರುವವರಿಗೆ

ಗಿರಿರಾಜ ತಳಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ್ದು. ಸ್ವರ್ಣಧಾರ 2005ರಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದಿಂದ ಬಂತು. ವನರಾಜ, ಗ್ರಾಮಪ್ರಿಯ ಹೈದರಾಬಾದಿನ ಕೋಳಿ ಸಂಶೋಧನಾ ಸಂಸ್ಥೆಯವು. ಊರ ಕೋಳಿ ವರ್ಷಕ್ಕೆ 50-60 ತತ್ತಿ ಇಟ್ಟರೆ ಇವು ಅದರ ಎರಡು ಪಟ್ಟು ಮತ್ತು ಹೆಚ್ಚು ಇಡುತ್ತವೆ, ತೂಕವೂ ಬೇಗ ಬರುತ್ತದೆ. ಆದರೆ ಇವು ಕಾವು ಕೂಡುವುದು ಬಹಳ ಕಡಿಮೆ, ಮೈಭಾರದಿಂದ ಹಾರಲಾರವು, ನಾಯಿ-ಮುಂಗಲಿಗೆ ಬೇಗ ಸಿಗುತ್ತವೆ. ಆದ್ದರಿಂದ ಊರ ಹ್ಯಾಟಿಗಳನ್ನು ಪೂರಾ ಮಾರಿಬಿಡಬೇಡಿರಿ. ತತ್ತಿ ಅವುಗಳದು, ಕಾವು ಇವುಗಳದು ಎಂದು ಎರಡನ್ನೂ ಇಟ್ಟುಕೊಳ್ಳಿರಿ. ದೊಡ್ಡ ಗಿರಿರಾಜ ಹುಂಜ ಸಣ್ಣ ಊರ ಹ್ಯಾಟಿಯ ಬೆನ್ನಿಗೆ ಗಾಯ ಮಾಡಬಹುದು, ಅದರ ಮೇಲೆ ಕಣ್ಣಿಡಿರಿ.

ಒಂದೆರಡು ದಿನದ ಮರಿ ತಂದರೆ ಇನ್ನೊಂದು ದಾರಿ ಇದೆ. ಕಾವು ಕೂತ ಊರ ಹ್ಯಾಟಿಯ ಮರಿ ಹೊರಬಂದ ದಿನವೇ, ರಾತ್ರಿ ಹೊತ್ತು, ಹೊಸ ಮರಿಗಳನ್ನು ಅದರ ರೆಕ್ಕೆಯ ಕೆಳಗೆ ಸರಿಸಿರಿ. ಮುಂಜಾನೆ ಎಲ್ಲವನ್ನೂ ತನ್ನವೇ ಎಂದು ಕರೆದುಕೊಂಡು ಹೊರಡುತ್ತದೆ. ಎರಡು ಮೂರು ದಿನ ತಡವಾದರೆ ಗುರುತು ಹಿಡಿದು ಕುಕ್ಕುತ್ತದೆ. ಈ ಹ್ಯಾಟಿ ಮತ್ತು ಮರಿಗಳನ್ನೂ 21 ದಿನ ಉಳಿದ ಕೋಳಿಗಳಿಂದ ಬೇರೆಯೇ ಇಡಬೇಕು.

ಓಣಿ ಕೋಳಿ

ಕೊನೆಯದಾಗಿ, ನಮ್ಮ ಕೋಳಿ ನಮ್ಮ ಅಂಗಳದಲ್ಲಿ ನಿಲ್ಲುವುದಿಲ್ಲ. ಮುಂಜಾನೆ ಹೊರಬಿದ್ದರೆ ಬಾಜು ಮನೆಯ ಕಣ, ಎದುರು ಮನೆಯ ತಿಪ್ಪೆ, ಸಂಜೆಗೆ ಮನೆ. ಹತ್ತು ಮನೆಯ ಕೋಳಿ ಎಂದರೆ ನಿಜದಲ್ಲಿ ಒಂದೇ ಹಿಂಡು. ಒಬ್ಬರು ಮಾತ್ರ ಜಾಗ್ರತೆ ಮಾಡಿದರೆ ಯಾರೂ ಉಳಿಯುವುದಿಲ್ಲ. "ನನ್ನ ಕೋಳಿ ಕೂಗಿದರೇ ಬೆಳಗು" ಎಂದುಕೊಂಡ ಮುದುಕಿಯ ಹಾಗೆ ಆದೀತು. ಸಂಘದಲ್ಲಿ ಇಲ್ಲದ ಬಾಜು ಮನೆಯವರಿಗೂ ಈ ಮಾತು ಹೇಳಿರಿ, ಲಸಿಕೆಯ ದಿನ ಅವರ ಕೋಳಿಯನ್ನೂ ಕರೆಯಿರಿ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಹೊಳೆ ಬಂದಾಗ ಬಾದಾಮಿ, ಹುನಗುಂದ ಕಡೆ ಹೊಳೆದಂಡೆಯ ಊರವರು ಜಾತಿ, ಓಣಿ ನೋಡದೆ ಒಬ್ಬರಿಗೊಬ್ಬರು ಕೈ ಹಿಡಿದರಲ್ಲ? ಬೇನೆಯೂ ಹೊಳೆಯ ಹಾಗೆ, ಮನೆ ನೋಡಿ ಬರುವುದಿಲ್ಲ.

ಮುಂದಿನ ವಾರದ ಸಭೆಯಲ್ಲಿ ಈ ನಾಲ್ಕು ಮಾತು ಚರ್ಚಿಸಿ, ಒಪ್ಪಿಗೆಯಾದರೆ ನಡಾವಳಿ ಪುಸ್ತಕದಲ್ಲಿ ಠರಾವು ಬರೆಯಿರಿ:

1. ನಮ್ಮ ಸಂಘದ ಎಲ್ಲರ ಮನೆಯಲ್ಲಿ ಕೂಡಿ ಎಷ್ಟು ಕೋಳಿ ಇವೆ? ಲಸಿಕೆ ಯಾವ ದಿನ ಹಾಕಿಸೋಣ? ಐಸು ತರುವವರು ಯಾರು?

2. ಹೊಸ ಕೋಳಿ ಜಾಗಕ್ಕೆ ಯಾರ ಹಿತ್ತಲು? ಕೋಳಿಗೆ ಎಷ್ಟು ಕೂಲಿ?

3. ಕೋಳಿಗೆ ಸಾಲ ಕೊಡುವಾಗ "21 ದಿನ ಬೇರೆ ಇಡುತ್ತೇನೆ" ಎಂಬ ಮಾತನ್ನು ಷರತ್ತಾಗಿ ಸೇರಿಸೋಣವೇ?

4. ಬೇನೆ ಬಿದ್ದರೆ ಕೋಳಿಯನ್ನು ಸಂತೆಗೆ ಒಯ್ಯುವುದಿಲ್ಲ ಎಂದು ಎಲ್ಲರೂ ಒಪ್ಪೋಣವೇ? ಹಾಗೆ ನಷ್ಟವಾದ ಸದಸ್ಯೆಗೆ ಕಂತು ಕಟ್ಟಲು ಸಂಘ ಎಷ್ಟು ವಾರ ತಾಳಬೇಕು?

ನಾಲ್ಕನೆಯ ಪ್ರಶ್ನೆಗೆ ಹೆಚ್ಚು ಹೊತ್ತು ಕೊಡಿರಿ. ಸಂತೆಗೆ ಒಯ್ಯಬೇಡ ಎಂದು ಹೇಳುವುದು ಸರಳ. ಆದರೆ ಮನೆಯಲ್ಲಿ ರೊಕ್ಕ ಇಲ್ಲದ, ಕಂತಿನ ದಿನ ಹತ್ತಿರ ಬಂದ ಅಕ್ಕ ಆ ಮಾತು ಉಳಿಸಿಕೊಳ್ಳಬೇಕಾದರೆ ಅವಳ ಬೆನ್ನಿಗೆ ನಾವು ನಿಲ್ಲಬೇಕು. ಆಕೆಗೆ ನಾಲ್ಕು ವಾರದ ಸಮಯ ಕೊಟ್ಟರೆ ನಾಲ್ಕು ಊರಿನ ಕೋಳಿ ಉಳಿಯಬಹುದು.